ಬೆಳ್ಳಗಿದ್ದ ಸಾಕ್ಷಿ

"ಬೆರಳು ತೆಗೀರಿ," ಎಂದಳು ಕೋನಕ್ಕ, ಕೆಲಸದಿಂದ ತಲೆ ಎತ್ತದೆಯೇ.

ಇನ್ಸ್‌ಪೆಕ್ಟರನ ತೋರುಬೆರಳು ಗಾಳಿಯಲ್ಲೇ ನಿಂತಿತು. ಇನ್ನೊಂದು ಕೂದಲೆಳೆ ಮುಂದೆ ಹೋಗಿದ್ದರೆ ಮೇಜಿನ ಮೇಲಿದ್ದ ಸ್ಪೀಕರಿನ ಆಲಿಕೆಯಾಕಾರದ ಕಾಗದದ ಕೋನಿಗೆ ತಾಗುತ್ತಿತ್ತು.

"ಇದು ಒಲೆ ಮಸಿ ಅಲ್ಲ. ಇದರಲ್ಲಿ ಎಣ್ಣೆ ಜಿಡ್ಡಿರುತ್ತೆ. ಒಂದು ಸಲ ಸವರಿದರೆ ಕಾಗದದ ಹೊಟ್ಟೆಗೇ ಇಳಿಯುತ್ತೆ. ಆಮೇಲೆ ಬ್ರಹ್ಮ ಬಂದರೂ ಬಿಡಿಸೋಕಾಗಲ್ಲ."

ಆತ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಹಿಂದೆ ಸರಿದ. ಅವನ ಕೀಲಿಗೊಂಚಲನ್ನೂ ಸೊಂಟದ ಪಟ್ಟಿಯನ್ನೂ ಅವಳು ಆಗಲೇ ಬಾಗಿಲ ಬಳಿಯ ಗೂಟಕ್ಕೆ ತೂಗುಹಾಕಿಸಿದ್ದಳು. ಈ ಹಳೆಯ ಸ್ಪೀಕರುಗಳ ಬೆನ್ನಿಗಿರುವ ಅಯಸ್ಕಾಂತಕ್ಕೆ ಕಬ್ಬಿಣ ಕಂಡರೆ ಹಸಿದ ನಾಯಿಗೆ ಎಲುಬು ಕಂಡ ಹಾಗೆ. ಒಂದು ಕೀಲಿ ಕೈತಪ್ಪಿದರೂ ಸಾಕು, ಕೋನನ್ನು ಹರಿದುಕೊಂಡೇ ಹೋಗಿ ಅಂಟಿಕೊಳ್ಳುತ್ತದೆ.

ಹಳೆಯ ಸಿನಿಮಾ ಹಾಲಿನ ಪರದೆಯ ಹಿಂದೆ ಬೆಂಕಿ ಬಿದ್ದು, ಬೆಸುಗೆ ಕಡ್ಡಿ ಆರಿಸದೆ ಹೋದನೆಂಬ ದೂರಿನ ಮೇಲೆ ಅವಳ ತಮ್ಮ ಲಾಕಪ್ಪಿನಲ್ಲಿದ್ದ. ಆ ಹೊಗೆಯನ್ನು ಕುಡಿದು ಬಂದ ಸ್ಪೀಕರುಗಳು ಅವಳ ಮೇಜಿನ ಮೇಲಿದ್ದವು.

ಹರಿದ ಕೋನುಗಳಿಗೆ ಜೀವ ಕೊಡುವವಳೆಂದು ಕೋನಕ್ಕ ಎಂಬ ಹೆಸರು ಬಿದ್ದಿತ್ತು. ಅವಳಿಗೆ ಅದು ಇಷ್ಟ. ಹೆತ್ತವರಿಟ್ಟ ಹೆಸರು ಪುಕ್ಕಟೆ ಬಂದದ್ದು, ಇದು ದುಡಿದು ಪಡೆದದ್ದು ಎನ್ನುತ್ತಿದ್ದಳು. ತಮ್ಮನಿಗೂ ಹಾಗೆಯೇ ಒಂದು ಹೆಸರಿತ್ತು. ಮೂರು ಮಾತು ಕೇಳಿದರೆ ಒಂದಕ್ಕೆ ಉತ್ತರ ಕೊಡುವ ಆಸಾಮಿ. ಆದರೆ ಆ ಹಾಲಿನ ದನಿಯನ್ನು ಇಷ್ಟು ವರ್ಷ ಕಾಪಾಡಿದವನೆಂದು ಎಲ್ಲರ ಬಾಯಲ್ಲೂ ಅವನು ದನಿಯಣ್ಣ.

ದನಿಯಣ್ಣ ಬೆಸುಗೆ ಕಡ್ಡಿ ಮರೆತ ಎಂಬ ಮಾತನ್ನು ಕೋನಕ್ಕ ಒಂದು ಕ್ಷಣವೂ ನಂಬಿರಲಿಲ್ಲ. ಊಟ ಮರೆತಿದ್ದಾನೆ, ಛತ್ರಿ ಮರೆತಿದ್ದಾನೆ, ತನ್ನ ಮದುವೆಯ ದಿನ ಹಾಲಿನ ತಂತಿ ಸರಿಮಾಡುತ್ತ ಕೂತು ಮುಹೂರ್ತವನ್ನೂ ಮರೆತಿದ್ದಾನೆ. ಕಡ್ಡಿ ಮರೆತವನಲ್ಲ. ಆದರೆ ಅಕ್ಕನ ನಂಬಿಕೆಯನ್ನು ಯಾವ ನ್ಯಾಯಾಧೀಶ ಒಪ್ಪುತ್ತಾನೆ? ನಾಳೆ ಬೆಳಿಗ್ಗೆ ಅವನನ್ನು ಕೋರ್ಟಿಗೆ ಒಯ್ಯುವವರಿದ್ದರು. ಅಷ್ಟರೊಳಗೆ ಬೇರೆ ಏನಾದರೂ ಸಿಗದಿದ್ದರೆ ಅವನ ಹೆಸರು ಹೋದಂತೆಯೇ.

ಅವಳು ಸ್ಪೀಕರನ್ನು ಮರದ ಚೌಕಟ್ಟಿನಲ್ಲಿ ಮುಖ ಕೆಳಗಾಗುವಂತೆ ವಾಲಿಸಿ ನಿಲ್ಲಿಸಿದ್ದಳು. ಉದುರಿದ ಮಸಿ ನೆಲಕ್ಕೆ ಬೀಳಬೇಕು, ಒಳಕ್ಕಲ್ಲ. ಕೋನಿನ ನಟ್ಟನಡುವೆ, ತಂತಿಸುರುಳಿ ಅಯಸ್ಕಾಂತದ ಬಾಯೊಳಗೆ ಆಡುವ ಒಂದು ಸಂದು ಇದೆ. ಉಗುರಿನಷ್ಟು ದಪ್ಪವೂ ಇಲ್ಲ. ಅಲ್ಲಿಗೆ ಮಸಿಯ ಕಣ ಹೊಕ್ಕರೆ ಸ್ಪೀಕರು ನೆಗಡಿ ಹಿಡಿದ ಗಾಯಕನಂತೆ ಕರಕರ ಅನ್ನುತ್ತದೆ.

ಮೊದಲು ಮೇಕೆ ಕೂದಲಿನ ಬ್ರಷ್ಷು. ಕೋನನ್ನು ಮುಟ್ಟಿತೋ ಇಲ್ಲವೋ ಎನ್ನುವಷ್ಟು ಹಗುರ. ಪಕ್ಕದಲ್ಲೇ, ಒಂದು ಗೇಣು ದೂರಕ್ಕೆ, ಬಾಯಿಗೆ ತೆಳು ಬಲೆಬಟ್ಟೆ ಕಟ್ಟಿದ ಸಣ್ಣ ವ್ಯಾಕ್ಯೂಮ್ ಕೊಳವೆ. ಅದೂ ತೀರಾ ಮೆಲ್ಲನೆ ಉಸಿರೆಳೆಯುವಂಥದ್ದು. ಬ್ರಷ್ಷು ಎಬ್ಬಿಸಿದ್ದನ್ನು ಅದು ನುಂಗಬೇಕು, ಅಷ್ಟೆ. ಆಮೇಲೆ ಒಣ ರಬ್ಬರ್ ಸ್ಪಂಜು. ಉಜ್ಜುವಂತಿಲ್ಲ. ಮಗುವಿನ ಹಣೆಯ ಬೆವರು ಒತ್ತಿದಂತೆ ಒತ್ತಿ, ಎತ್ತಿ, ಮತ್ತೆ ಪಕ್ಕದಲ್ಲಿ ಒತ್ತಬೇಕು. ಸ್ಪಂಜಿನ ಮುಖ ಕಪ್ಪಾದರೆ ಅಷ್ಟನ್ನು ಕತ್ತರಿಸಿ ಎಸೆದು ಹೊಸ ಮುಖದಿಂದ ಶುರುಮಾಡಬೇಕು. ನೀರು, ಸ್ಪಿರಿಟ್ಟು ಹತ್ತಿರಕ್ಕೂ ಬರಕೂಡದು. ಹಳೆಯ ಕಾಗದ ಒಮ್ಮೆ ಒದ್ದೆಯಾದರೆ ಅದರ ಬಿಗಿ ಹೋಯಿತು. ಬಿಗಿ ಹೋದರೆ ದನಿ ಹೋಯಿತು.

"ಗಾಳಿ ಊದಿಸಿದರೆ ಬೇಗ ಆಗಲ್ವಾ?" ಎಂದು ಇನ್ಸ್‌ಪೆಕ್ಟರ್ ಕೇಳಿದ.

"ಆಗುತ್ತೆ. ಮಸಿಯೆಲ್ಲ ನೇರ ಆ ಸಂದಿಗೆ ಹೋಗಿ ಕೂರುತ್ತೆ. ಬೇಗ ಸಾಯಿಸೋಕೆ ಒಳ್ಳೇ ದಾರಿ."

ಆತ ಯೋಚನೆಗೆ ಬಿದ್ದ. ಬೆಂಕಿ ಆರಿಸಿದ ಮಾರನೆಯ ದಿನ ಹಾಲಿನ ಯಜಮಾನನೇ ಗಾಳಿ ಊದುವ ಯಂತ್ರ ತರಿಸಿದ್ದನಂತೆ. ಒದ್ದೆ ಬಟ್ಟೆಯಿಂದ ಒರೆಸಿಬಿಡಿ ಎಂದೂ ಹೇಳಿದ್ದನಂತೆ. ತಾನೇ ತಡೆದು ಸ್ಪೀಕರುಗಳನ್ನು ಹೊರಿಸಿಕೊಂಡು ಬಂದೆ ಎಂದ.

"ಪಾಪ, ಗೊತ್ತಿಲ್ಲದವರು ಹಾಗೇ ಮಾಡೋದು," ಎಂದಳು ಕೋನಕ್ಕ. ಯಜಮಾನ ಬೆಂಕಿ ಬಿದ್ದ ದಿನ ಇದೇ ಕೋಣೆಗೆ ಬಂದು ಕಣ್ಣೊರೆಸಿಕೊಂಡಿದ್ದ. ನಿಮ್ಮ ತಮ್ಮ ನನಗೆ ಮಗನಿದ್ದ ಹಾಗೆ, ಆದರೆ ದೂರು ಕೊಡದೆ ನನಗೆ ಬೇರೆ ದಾರಿ ಇಲ್ಲ ಎಂದಿದ್ದ.

ಮೂಲೆಯ ಬೆತ್ತದ ಕುರ್ಚಿಯಲ್ಲಿ ಅಪ್ಪ ಗಂಟಲು ಸರಿಮಾಡಿಕೊಂಡ. ಈ ಕೆಲಸವನ್ನು ಮನೆಗೆ ತಂದವನು ಅವನೇ. ಈಗ ಕೈ ನಡುಗುತ್ತದೆ, ಕಿವಿ ಮಾತ್ರ ಚುರುಕು. ಮಗ ಲಾಕಪ್ಪಿಗೆ ಹೋದಾಗಿನಿಂದ ಅವನ ಹೆಸರನ್ನು ಒಮ್ಮೆಯೂ ಎತ್ತಿರಲಿಲ್ಲ. ಮುದುಕನ ಎದೆ ಕಲ್ಲೋ, ಕಲ್ಲಿನ ಕೆಳಗೆ ನೀರಿದೆಯೋ ಕೋನಕ್ಕನಿಗೆ ತಿಳಿದಿರಲಿಲ್ಲ.

ಉಳಿದ ಸ್ಪೀಕರುಗಳು ಮುಗಿದಿದ್ದವು. ಕಪ್ಪು ಮಸಿ ಹೋದಮೇಲೆ ಅವುಗಳ ಮೇಲೆ ಕಂದು ಬಣ್ಣದ ಇನ್ನೊಂದು ಪದರ ಕಂಡಿತ್ತು. ಅದು ಬೆಂಕಿಯದಲ್ಲ. ಜನ ಸಿನಿಮಾ ನೋಡುತ್ತ ಸಿಗರೇಟು ಸೇದುತ್ತಿದ್ದ ಕಾಲದ್ದು; ವರ್ಷಾನುಗಟ್ಟಲೆ ಪರದೆಯ ತೂತುಗಳಿಂದ ಒಳಗೆ ಬಂದು ಕೂತ ಹೊಗೆ. ಅದನ್ನು ಅವಳು ಮುಟ್ಟಲಿಲ್ಲ. ಕಾಗದಕ್ಕೆ ಚರ್ಮವೇ ಆಗಿಹೋದದ್ದನ್ನು ಕೀಳಬಾರದು.

ಈಗ ಮೇಜಿನ ಮೇಲಿದ್ದುದು ಎಲ್ಲಕ್ಕಿಂತ ಮುಖ್ಯವಾದದ್ದು. ಮನುಷ್ಯರ ಮಾತು, ಹಾಡು ಇದರಿಂದಲೇ ಬರುತ್ತಿತ್ತು. ಹಾಲಿನವರು ಇದನ್ನು ದೊಡ್ಡಮ್ಮ ಎನ್ನುತ್ತಿದ್ದರು. ಇಂಥ ಇನ್ನೊಂದು ಎಲ್ಲೂ ಉಳಿದಿಲ್ಲ, ಇದನ್ನು ಕೇಳಲೆಂದೇ ದೂರದೂರದಿಂದ ಬರುತ್ತಾರೆ ಎಂದು ದನಿಯಣ್ಣ ಅಪರೂಪಕ್ಕೆ ಬಾಯಿಬಿಟ್ಟು ಜಂಭ ಕೊಚ್ಚಿಕೊಳ್ಳುತ್ತಿದ್ದ.

ಮುಂಭಾಗ ಮುಗಿಯಿತು. ಕೋನಕ್ಕ ದೊಡ್ಡಮ್ಮನನ್ನು ಜೋಪಾನವಾಗಿ ತಿರುಗಿಸಿ ಬೆನ್ನ ಕಡೆಯಿಂದ ಸ್ಪಂಜು ಒತ್ತತೊಡಗಿದಳು. ಕೋನನ್ನು ಹಿಡಿದಿರುವ ಲೋಹದ ಕಾಲಿನ ಪಕ್ಕದಲ್ಲಿ, ಅಂಚಿಗೆ ಹತ್ತಿರ, ಮಸಿ ಎದ್ದಿತು.

ಅವಳ ಕೈ ನಿಂತಿತು.

ಅಲ್ಲಿ ಒಂದು ಗುರುತು ಇರಬೇಕಾದದ್ದು ಸಹಜ. ಅದು ಈ ಮನೆಯ ಪದ್ಧತಿ. ಯಾವ ಕೋನಿಗೆ ಕೈ ಹಚ್ಚುವ ಮೊದಲೂ ಅದರ ಬೆನ್ನಿಗೆ ಉಗುರಿನಗಲದ ತೆಳು ಕಾಗದವನ್ನು ಮೈದಾ ಅಂಟಿನಿಂದ ಹಚ್ಚುತ್ತಾರೆ. ಕೆಲಸವೆಲ್ಲ ಮುಗಿದ ಮೇಲೆ ಕಾಗದ ಬಿಡಿಸುತ್ತಾರೆ. ಅಷ್ಟು ಜಾಗ ಮಾತ್ರ ಮೊದಲು ಹೇಗಿತ್ತೋ ಹಾಗೇ ಉಳಿಯುತ್ತದೆ. ಅದಕ್ಕೆ ಸಾಕ್ಷಿ ಎಂದು ಹೆಸರು. ನಾವು ಏನು ಮಾಡಿದೆವು ಎಂಬುದು ನಮ್ಮ ನಂತರ ಬರುವವನಿಗೆ ಕಾಣಬೇಕು, ಕದ್ದು ಕೆಲಸ ಮಾಡಬಾರದು ಎಂದು ಅಪ್ಪ ಬಯ್ದು, ಕಿವಿ ಹಿಂಡಿ ಕಲಿಸಿದ ಪಾಠ. ಬೇರೆ ಯಾವ ರಿಪೇರಿ ಅಂಗಡಿಯಲ್ಲೂ ಇದು ಇಲ್ಲ.

ಸಾಕ್ಷಿ ಇತ್ತು. ತಪ್ಪು ಅದರ ಬಣ್ಣದಲ್ಲಿತ್ತು.

ಕೊಳೆ ತೆಗೆದ ಕೋನಿನ ಮೇಲೆ ಸಾಕ್ಷಿಯ ಜಾಗ ಸುತ್ತಲಿನದಕ್ಕಿಂತ ಕಪ್ಪಾಗಿರಬೇಕು. ಯಾಕೆಂದರೆ ಅಲ್ಲಿನ ಕೊಳೆ ಮಾತ್ರ ಉಳಿದಿರುತ್ತದೆ. ಇದು ಬೆಳ್ಳಗಿತ್ತು. ಸುತ್ತ ಕಂದು, ನಡುವೆ ಹೊಸ ಕಾಗದದ ಬಿಳುಪು.

ಅಂದರೆ ಯಾರೋ ಈ ಕೋನಿನಿಂದ ಹೊಗೆಯನ್ನು ತೆಗೆದಿರಲಿಲ್ಲ. ಹೊಸ ಕೋನಿಗೆ ಹೊಗೆಯನ್ನು ಹಚ್ಚಿದ್ದರು. ಇದು ದೊಡ್ಡಮ್ಮನಲ್ಲ. ದೊಡ್ಡಮ್ಮನ ವೇಷ ಹಾಕಿಕೊಂಡ ಬೇರೆ ಯಾರೋ.

ಕೋನಕ್ಕ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ನಕಲಿ ಇಟ್ಟವನು ಅಸಲಿ ಕದ್ದಿರಬೇಕು. ಕದ್ದವನು ಗುಟ್ಟು ಮುಚ್ಚಲು ಬೆಂಕಿ ಇಟ್ಟಿರಬೇಕು. ಹಾಗಾದರೆ ತಮ್ಮ ಪಾರು.

ಮರುಕ್ಷಣ ಬೆಳ್ಳಗಿನ ಗುರುತಿನ ಆಕಾರ ಕಣ್ಣಿಗೆ ಬಿತ್ತು. ಖುಷಿ ಅರ್ಧದಲ್ಲೇ ಉಡುಗಿತು.

ಅವಳು ಸಾಕ್ಷಿಯ ಕಾಗದವನ್ನು ಚೌಕವಾಗಿ ಕತ್ತರಿಸುತ್ತಾಳೆ. ದನಿಯಣ್ಣನದು ಸೋಮಾರಿ ಕತ್ತರಿ, ಹೇಗೆ ಬಂದರೆ ಹಾಗೆ. ಇದು ವಜ್ರದ ಆಕಾರ, ನಾಲ್ಕೂ ಮೂಲೆ ಸೂಜಿಯಂತೆ ಚೂಪು. ಹೀಗೆ ಶೋಕಿ ಮಾಡುವವನು ಒಬ್ಬನೇ: ಅಪ್ಪನ ಮೊದಲ ಶಿಷ್ಯ, ಅವಳ ಅಕ್ಕನ ಗಂಡ.

ಇನ್ಸ್‌ಪೆಕ್ಟರ್ ಗೋಡೆಯ ಮೇಲಿನ ಹಳೇ ಸ್ಪೀಕರ್ ಚಿತ್ರಗಳನ್ನು ನೋಡುತ್ತಿದ್ದ. ಕಪ್ಪಾದ ಸ್ಪಂಜು ಅವಳ ಕೈಯಲ್ಲೇ ಇತ್ತು. ಒಂದು ಸಲ ಒತ್ತಿ ಉಜ್ಜಿದರೆ ಸಾಕು, ಬಿಳುಪು ಮುಚ್ಚಿಹೋಗುತ್ತಿತ್ತು. ಅಕ್ಕನ ಸಂಸಾರ ಉಳಿಯುತ್ತಿತ್ತು. ತಮ್ಮ ಮುಳುಗುತ್ತಿದ್ದ. ಒಂದೇ ಹೊಟ್ಟೆಯಲ್ಲಿ ಹುಟ್ಟಿದವರನ್ನು ತಕ್ಕಡಿಯಲ್ಲಿಟ್ಟು ತೂಗುವ ಪಾಡು ಯಾರಿಗೂ ಬೇಡ.

ಅವಳು ಸ್ಪಂಜನ್ನು ಬುಟ್ಟಿಗೆಸೆದಳು.

"ಇಲ್ಲಿ ಬನ್ನಿ," ಎಂದು ಕರೆದಳು. "ನೋಡಿ. ಮುಟ್ಟಬೇಡಿ."

ಎಲ್ಲವನ್ನೂ ಬಿಡಿಸಿ ಹೇಳಿದಳು, ಆಕಾರದ ವಿಷಯವೊಂದನ್ನು ಬಿಟ್ಟು. ಆತ ಬಗ್ಗಿ ನೋಡಿದ. ಬುದ್ಧಿವಂತ, ಎರಡನೇ ಸಲ ಹೇಳಿಸಲಿಲ್ಲ. ಹಾಗಾದರೆ ಇದು ನಿಮ್ಮ ಮನೆಯ ಕೈಯ ಕೆಲಸ, ಯಾರ ಕೈ ಎಂದು ನೇರ ಕೇಳಿದ.

"ಗೊತ್ತು. ಆದರೆ ಮೊದಲು ಆ ಮನುಷ್ಯನ ಮುಖ ನೋಡಿ ಕೇಳ್ತೀನಿ. ಸಂಜೆ ನಿಮಗೆ ಹೇಳ್ತೀನಿ."

"ಹೇಳದೆ ಇದ್ದರೆ?"

"ಈ ಸಾಕ್ಷಿ ತೋರಿಸಿದವಳು ನಾನು," ಎಂದಳು ಕೋನಕ್ಕ. "ಮುಚ್ಚೋ ಮನಸ್ಸಿದ್ದಿದ್ದರೆ ನಿಮಗಿದು ಕಾಣ್ತಾನೇ ಇರಲಿಲ್ಲ."

ಆತ ತಲೆದೂಗಿ ಗೂಟದಿಂದ ಕೀಲಿ, ಪಟ್ಟಿ ತೆಗೆದುಕೊಂಡು ಹೊರಟ. ಅಷ್ಟರಲ್ಲಿ ಅಪ್ಪ ಎದ್ದು ಬಂದಿದ್ದ. ನಡುಗುವ ಕೈಯನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡು ಬೆಳ್ಳಗಿನ ವಜ್ರವನ್ನು ಹತ್ತಿರದಿಂದ ನೋಡಿದ. ಬೆಂಕಿ ಬಿದ್ದಾಗಿನಿಂದ ಅವನ ತುಟಿಯ ಮೇಲೆ ಕಾಣದಿದ್ದ ಒಂದು ನಗೆ ಬಂದು ಹೋಯಿತು. ಯಾಕೆ ನಗುತ್ತೀ ಎಂದು ಮಗಳು ಕೇಳಿದರೆ, ಅಳಿಯನ ಕತ್ತರಿ ಇನ್ನೂ ಚೂಪಾಗಿದೆ ಎಂದಷ್ಟೇ ಹೇಳಿ ಕುರ್ಚಿಗೆ ಮರಳಿದ.

*

ಭಾವನ ಅಂಗಡಿ ಎರಡು ಬೀದಿಯಾಚೆ. ಗಾಜಿನ ಮುಂಭಾಗ, ಥಳಥಳ ದೀಪ, ಹೊಸ ಮರದ ಪೆಟ್ಟಿಗೆಗಳು. ಹಳೆಯ ಸ್ಪೀಕರುಗಳ ಪ್ರತಿರೂಪ ಮಾಡುವುದರಲ್ಲಿ ಅವನನ್ನು ಮೀರಿಸಿದವರಿಲ್ಲ. ಅಂಗಡಿಯ ಬೋರ್ಡಿನ ಮೇಲೆ ಗುರುವಿನ ಹೆಸರು ಹಾಕಬೇಕೋ ಬೇಡವೋ ಎಂದು ಹಿಂದೆ ಒಂದು ಜಗಳವಾಗಿತ್ತು. ಅಂದಿನಿಂದ ಎರಡು ಮನೆಗಳ ನಡುವೆ ಅಕ್ಕನ ತಿಂಡಿ ಡಬ್ಬಿಗಳು ಮಾತ್ರ ಓಡಾಡುತ್ತಿದ್ದವು, ಮನುಷ್ಯರಲ್ಲ.

"ಓಹೋ, ನಾದಿನಿ," ಎಂದ ಭಾವ. ಹೊಟ್ಟೆ ಮೇಜಿಗೆ ತಾಗದಂತೆ ಹಿಂದಕ್ಕೆ ಒರಗಿ ಕೂತಿದ್ದ. "ದಾರಿ ತಪ್ಪಿ ಬಂದೆಯಾ, ದಾರಿ ಹಿಡಿದು ಬಂದೆಯಾ?"

"ಕತ್ತರಿ ನೋಡೋಕೆ ಬಂದೆ."

"ಯಾವ ಕತ್ತರಿ?"

"ವಜ್ರ ಕತ್ತರಿಸೋದು."

ಅವನ ಮುಖದ ಮೇಲಿನ ನಗೆ ಹಾಗೇ ಇತ್ತು. ಕಣ್ಣಿನದು ಆರಿತು. ಎದ್ದು ಬಾಗಿಲಿನ ಪರದೆ ಎಳೆದ. ಮಾಳಿಗೆಯ ಮೇಲೆ ಅಕ್ಕ ಪಾತ್ರೆ ಜೋಡಿಸುವ ಸದ್ದು ಕೇಳುತ್ತಿತ್ತು.

ಕೋನಕ್ಕ ಸುತ್ತಿಬಳಸಲಿಲ್ಲ. ಹಾಲಿನಿಂದ ಬಂದ ದೊಡ್ಡಮ್ಮ ನಕಲಿ, ಅದರ ಬೆನ್ನಿಗೆ ಬಿಳಿ ಸಾಕ್ಷಿ ಇದೆ, ಅದು ನಿನ್ನ ಕೈ ಎಂದಳು. ಇಲ್ಲ ಅನ್ನುತ್ತಾನೆ, ಕೂಗಾಡುತ್ತಾನೆ, ಬೋರ್ಡಿನ ಹಳೇ ಜಗಳ ತೆಗೆಯುತ್ತಾನೆ ಎಂದು ಸಿದ್ಧವಾಗಿಯೇ ಬಂದಿದ್ದಳು.

ಭಾವ ಮುಂದಕ್ಕೆ ಬಗ್ಗಿ ಕೇಳಿದ, "ಮುಂದಿನಿಂದ ನೋಡಿದಾಗ ಗೊತ್ತಾಯ್ತಾ?"

"ಏನು?"

"ಬೆನ್ನು ಬಿಡು. ಮುಖ ನೋಡಿದಾಗ ನಕಲಿ ಅಂತ ಗೊತ್ತಾಯ್ತಾ, ಇಲ್ವಾ?"

ಸುಳ್ಳು ಹೇಳಬಹುದಿತ್ತು. ಆದರೆ ಕೆಲಸದ ವಿಷಯದಲ್ಲಿ ಸುಳ್ಳು ಅವಳ ನಾಲಿಗೆಗೆ ಹತ್ತದು. "ಇಲ್ಲ," ಎಂದಳು.

ಭಾವ ಕುರ್ಚಿಗೆ ಒರಗಿದ. ಮಗಳು ಮೊದಲ ಬಹುಮಾನ ತಂದಾಗ ಅಪ್ಪಂದಿರು ಒರಗುವ ರೀತಿ ಅದು. ಒಂದು ಮುಚ್ಚಿದ ಪೆಟ್ಟಿಗೆ, ಅದರೊಳಗೆ ಸಣ್ಣ ಫ್ಯಾನು, ತಟ್ಟೆಯಲ್ಲಿ ಉರಿಯುವ ಸಿಗರೇಟುಗಳು. ಒಮ್ಮೆ ಹೊಗೆ, ಆಮೇಲೆ ನುಣ್ಣನೆಯ ಧೂಳು, ಮತ್ತೆ ಹೊಗೆ. ಈರುಳ್ಳಿಯ ಹಾಗೆ ಪದರ ಪದರ. ಎಲ್ಲವನ್ನೂ ಅವನೇ ಬಾಯಿಬಿಟ್ಟು ವರ್ಣಿಸಿದ.

"ನಾನು ಜನ್ಮದಲ್ಲಿ ಒಂದು ಸಿಗರೇಟು ಸೇದಿದವನಲ್ಲ. ಆ ಸ್ಪೀಕರು ನನ್ನ ಪಾಲಿಂದೂ ಸೇದಿಬಿಡ್ತು. ನಿಮ್ಮಕ್ಕ ಬಟ್ಟೆ ಮೂಸಿ ನೋಡಿ ಮಾತೇ ಬಿಟ್ಟಿದ್ದಳು."

"ಇಷ್ಟು ಚೆನ್ನಾಗಿ ಮೋಸ ಮಾಡಿದವನು ಸಾಕ್ಷಿ ಯಾಕೆ ಇಟ್ಟೆ? ಅದೊಂದು ಇಲ್ಲದಿದ್ದರೆ ನಾನು ಇಲ್ಲಿಗೆ ಬರ್ತಾನೇ ಇರಲಿಲ್ಲ."

ಭಾವ ತನ್ನ ಅಂಗೈಗಳನ್ನು ತಿರುಗಿಸಿ ನೋಡಿಕೊಂಡ. ಮೊದಲ ಬಾರಿಗೆ ಅವನ ದನಿ ತಗ್ಗಿತು.

"ಇಡಬಾರದು ಅಂತಲೇ ಕೂತೆ. ಕೈ ಏಳಲಿಲ್ಲ ಕಣೇ. ಆ ಕಾಗದ ಹಚ್ಚದೆ ಬ್ರಷ್ಷು ಹಿಡಿಯೋಕೇ ಆಗಲಿಲ್ಲ. ಮಾವ ಕಲಿಸಿದ್ದನ್ನ ಬೋರ್ಡಿನಿಂದ ತೆಗೆದೆ. ಕೈಯಿಂದ ತೆಗೆಯೋಕಾಗುತ್ತಾ?"

ಕೋನಕ್ಕನಿಗೆ ಸಿಟ್ಟು ಬರಬೇಕಿತ್ತು. ಬಂದದ್ದು ಬೇರೆ ಏನೋ. ತನ್ನ ಮನೆಯಿಂದ ಹೋದ ಕೈ ಕಳ್ಳಕೆಲಸಕ್ಕೂ ಸಾಕ್ಷಿ ಇಟ್ಟೇ ಕೂತಿತ್ತಲ್ಲ ಎಂಬ ಹೆಮ್ಮೆ. ಇಂಥ ಹೊತ್ತಿನಲ್ಲಿ ಹೆಮ್ಮೆಯೇ ಎಂದು ತನ್ನನ್ನೇ ಗದರಿಕೊಂಡಳು.

"ಯಾರಿಗೆ ಮಾಡಿಕೊಟ್ಟೆ?"

ಭಾವ ಪರದೆಯ ಕಡೆ ನೋಡಿದ. ಮಾಳಿಗೆಯ ಕಡೆ ನೋಡಿದ. ಹೇಳುವುದಿಲ್ಲ ಎಂದು ಮಾತು ಕೊಟ್ಟಿದ್ದೇನೆ ಎಂದ. ಕೋನಕ್ಕ ಮೇಜಿನ ಹತ್ತಿರಕ್ಕೆ ಬಂದಳು. ತಮ್ಮ ನಾಳೆ ಕೋರ್ಟಿನ ಕಟಕಟೆ ಹತ್ತುತ್ತಾನೆ, ಹೆಸರು ಹೇಳಿದರೆ ಅವನು ಉಳಿಯುತ್ತಾನೆ ಎಂದಳು.

"ಹೇಳಿದರೆ ಅವನು ಉಳಿಯಲ್ಲ," ಎಂದ ಭಾವ. "ಮಾಡಿಸಿದವನು ಅವನೇ."

ಮಾಳಿಗೆಯ ಮೇಲೆ ಅಕ್ಕನ ಪಾತ್ರೆಯ ಸದ್ದು ನಿಂತಿತ್ತು.

ದನಿಯಣ್ಣ ತಾನಾಗಿ ಬಂದಿದ್ದನಂತೆ. ದೊಡ್ಡಮ್ಮನಿಗೆ ಅವಳಿಜವಳಿ ಬೇಕು, ಹೆತ್ತ ತಾಯಿಗೂ ವ್ಯತ್ಯಾಸ ಗೊತ್ತಾಗಬಾರದು ಎಂದಿದ್ದನಂತೆ. ಯಾಕೆ ಎಂದರೆ ಉತ್ತರವಿಲ್ಲ. ಬೆಂಕಿ ಬೀಳುವುದಕ್ಕೆ ಮುಂಚೆಯೇ ನಕಲಿಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಹೋದನಂತೆ. ಬೆಂಕಿಯ ಸುದ್ದಿ ಬಂದ ದಿನದಿಂದ ತನಗೆ ಅನ್ನ ಸೇರುತ್ತಿಲ್ಲ ಎಂದು ಭಾವ ಹೇಳಿದಾಗ, ಆ ಹೊಟ್ಟೆಯನ್ನು ನೋಡಿಯೂ ಕೋನಕ್ಕನಿಗೆ ನಗು ಬರಲಿಲ್ಲ.

"ನೀನು ಪೊಲೀಸಿಗೆ ಹೇಳ್ತೀಯಾ?" ಎಂದು ಭಾವ ಕೇಳಿದ.

"ಮಾತು ಕೊಟ್ಟಿದ್ದೀನಿ."

"ತಮ್ಮ ಕಣೇ ಅವನು."

"ಅದಕ್ಕೇ ಹೇಳೋದು. ನಮ್ಮ ಮನೆಯವನು ಏನು ಮಾಡಿದ್ದರೂ ಅದು ಮುಂದಿನವರಿಗೆ ಕಾಣಬೇಕು. ಕಾಣಬಾರದಂಥದ್ದನ್ನ ಅವನು ಮಾಡಿರಲ್ಲ."

ಹೇಳುವಾಗ ದನಿ ಗಟ್ಟಿಯಾಗಿತ್ತು. ಅಕ್ಕನನ್ನು ಕರೆಯದೆಯೇ ಅಂಗಡಿಯ ಮೆಟ್ಟಿಲು ಇಳಿದಳು.

*

ಇನ್ಸ್‌ಪೆಕ್ಟರ್ ಎದುರಿನ ಗೋಡೆಗೆ ಒರಗಿ ನಿಂತಿದ್ದ. ಹಿಂಬಾಲಿಸಿಕೊಂಡು ಬಂದಿರಾ ಎಂದು ಕೋನಕ್ಕ ಕೇಳಲಿಲ್ಲ. ಬಂದಿದ್ದು ಕಾಣುತ್ತಲೇ ಇತ್ತು. ಅಂಗಡಿಗಳ ದೀಪಗಳು ಒಂದೊಂದಾಗಿ ಹತ್ತುತ್ತಿದ್ದವು.

ಅವಳು ಗಲ್ಲ ಮೇಲೆತ್ತಿ ನೇರ ಅವನ ಮುಖ ನೋಡಿದಳು.

"ಕೈ ನನ್ನ ಭಾವನದು. ಮಾಡಿಸಿದವನು ನನ್ನ ತಮ್ಮ. ಯಾಕೆ ಅಂತ ಗೊತ್ತಿಲ್ಲ. ಆದರೆ ಅವನು ಕಳ್ಳ ಅಲ್ಲ. ಇಷ್ಟನ್ನೂ ಸೇರಿಸಿ ಬರ್ಕೊಳ್ಳಿ."

ಆತ ಏನನ್ನೂ ಬರೆದುಕೊಳ್ಳಲಿಲ್ಲ. ಒಂದು ದೀರ್ಘ ಉಸಿರು ಬಿಟ್ಟ.

"ಗೊತ್ತು," ಎಂದ. "ಮಾಡಿಸು ಅಂದವನು ನಾನೇ."

ಆತ ನಡೆಯುತ್ತ ಹೇಳಿದ. ಅವಳ ಕಾಲುಗಳು ತಾವಾಗಿ ಜೊತೆಗೆ ನಡೆದವು.

ಬೆಂಕಿಗೆ ಕೆಲವು ವಾರ ಮುಂಚೆ ದನಿಯಣ್ಣ ಠಾಣೆಗೆ ಬಂದಿದ್ದ. ದೊಡ್ಡಮ್ಮನ ತಿರುಪುಗಳನ್ನು ಯಾರೋ ಸಡಿಲಿಸಿದ್ದಾರೆ, ಪರದೆಯ ಹಿಂದೆ ಯಾರೋ ಓಡಾಡುತ್ತಿದ್ದಾರೆ, ಹಾಲಿಗೇ 'ಏನೋ ಆಗಲಿದೆ' ಎಂದಿದ್ದ. ಯಾರೆಂದು ಗೊತ್ತಿರಲಿಲ್ಲ. ಅಸಲಿಯನ್ನು ತೆಗೆದು ಬಚ್ಚಿಟ್ಟು, ಅದರ ಜಾಗದಲ್ಲಿ ನಕಲಿಯನ್ನಿಟ್ಟು ಕಾಯೋಣ, ಬಂದವನು ಸಿಕ್ಕಿಬೀಳಲಿ ಎಂದು ಇನ್ಸ್‌ಪೆಕ್ಟರ್ ಹೇಳಿಕೊಟ್ಟಿದ್ದ. ಕಳ್ಳ ಬರುತ್ತಾನೆಂದು ಕಾದರೆ ಬೆಂಕಿ ಬಂತು. ಬಾಯಿ ಬಿಟ್ಟರೆ ಬೆಂಕಿ ಇಟ್ಟವನು ಎಚ್ಚೆತ್ತುಕೊಳ್ಳುತ್ತಾನೆಂದು ದನಿಯಣ್ಣ ಲಾಕಪ್ಪಿನಲ್ಲಿ ಸುಮ್ಮನೆ ಕೂತ. ತಾನೇ ಹಾಗೆ ಕೇಳಿಕೊಂಡೆ, ಅವನು ಒಂದು ಸಲವೂ ಗೊಣಗಲಿಲ್ಲ ಎಂದ ಇನ್ಸ್‌ಪೆಕ್ಟರ್.

ಕೋನಕ್ಕನ ಕಣ್ಣು ತುಂಬಿತು. ಒರೆಸಿಕೊಳ್ಳಲಿಲ್ಲ. ಮೂರಕ್ಕೆ ಒಂದು ಉತ್ತರ ಕೊಡುವ ತಮ್ಮ ಈ ಸಲ ಒಂದನ್ನೂ ಕೊಡದೆ ಗೆದ್ದಿದ್ದ.

ಆಮೇಲೆ ಸಿಟ್ಟು ಬಂತು. "ಎಲ್ಲ ಗೊತ್ತಿದ್ದೂ ನನ್ನನ್ನ ಯಾಕೆ ಆಟ ಆಡಿಸಿದ್ರಿ?"

ನಕಲಿ ಎಂಬುದು ನೋಡಿದವರಿಗೆ ಗೊತ್ತಾಗುತ್ತದೋ ಇಲ್ಲವೋ ತಿಳಿಯಬೇಕಿತ್ತು ಎಂದ ಆತ. ಗೊತ್ತಾದರೆ ಅವರು ಹೇಳುತ್ತಾರೋ ಇಲ್ಲವೋ ಎಂಬುದೂ ತಿಳಿಯಬೇಕಿತ್ತು. "ಇನ್ನು ಮೇಲೆ ನಂಬೋಕೆ ನನಗೊಬ್ಬರು ಬೇಕು. ಅದಕ್ಕೆ."

"ನಂಬೋದು ಆಮೇಲೆ. ಅಸಲಿ ತೋರಿಸಿ, ನನ್ನ ತಮ್ಮನ್ನ ಬಿಡಿ."

ಇನ್ಸ್‌ಪೆಕ್ಟರ್ ನಿಂತುಬಿಟ್ಟ. ಅವನ ಮುಖದಲ್ಲಿ ಮೊದಲ ಬಾರಿಗೆ ಪೊಲೀಸು ಕಾಣಲಿಲ್ಲ, ನಿದ್ದೆಗೆಟ್ಟ ಮನುಷ್ಯ ಕಂಡ.

"ಅಸಲಿ ನನ್ನ ಠಾಣೆಯ ಕೋಣೆಯಲ್ಲಿತ್ತು. ಇವತ್ತು ಬೀಗ ತೆಗೆದು ನೋಡಿದರೆ ಇಲ್ಲ."

ಅದಿಲ್ಲದೆ ನಾಳೆ ಕೋರ್ಟಿನಲ್ಲಿ ತನ್ನ ಮಾತಿಗೂ ಬೆಲೆಯಿಲ್ಲ ಎಂದು ವಿವರಿಸಿದ. ನಕಲಿ ಮಾಡಿಸಿದವನೇ ಅಸಲಿ ಮಾರಿಕೊಂಡ, ಆಮೇಲೆ ಬೆಂಕಿ ಇಟ್ಟ ಎಂದು ಯಜಮಾನನ ವಕೀಲ ಒಂದೇ ಉಸಿರಿನಲ್ಲಿ ಹೇಳಿ ಮುಗಿಸುತ್ತಾನೆ. ಮರೆವಿನವನು ಎನ್ನಿಸಿಕೊಂಡಿದ್ದ ದನಿಯಣ್ಣ ಕಳ್ಳನಾಗುತ್ತಾನೆ.

"ಆ ಕೋಣೆ ವಿಷಯ ಯಾರಿಗೆಲ್ಲ ಗೊತ್ತಿತ್ತು?"

"ನನಗೆ. ನಿಮ್ಮ ತಮ್ಮನಿಗೆ. ಮತ್ತೆ... ಅದು ಅಸಲಿ ಹೌದಾ ಅಂತ ನೋಡಿ ಹೇಳೋಕೆ ಒಬ್ಬರನ್ನ ಕರೆಸಿದ್ದೆ. ಮೊನ್ನೆ ನಾನಿಲ್ಲದಾಗ ಇನ್ನೊಂದು ಸಲ ನೋಡಬೇಕು ಅಂತ ಬಂದಿದ್ದರಂತೆ. ವಯಸ್ಸಾದವರು, ನನಗೆ ಬೇಕಾದವರು ಅಂತ ಠಾಣೆಯ ಪೇದೆಗಳು ಕೋಣೆ ತೆಗೆದುಕೊಟ್ಟಿದ್ದಾರೆ. ಹೋಗುವಾಗ ಕೈಗಾಡಿ ತರಿಸಿಕೊಂಡರಂತೆ."

ಕೋನಕ್ಕ ಹೆಸರು ಕೇಳಲಿಲ್ಲ. ದೊಡ್ಡಮ್ಮನನ್ನು ನೋಡಿ ಹೌದು ಎನ್ನಬಲ್ಲವರು ತನ್ನನ್ನು ಬಿಟ್ಟರೆ ಇನ್ನೊಬ್ಬರೇ. ಮನೆಯಲ್ಲಿ ಬೆತ್ತದ ಕುರ್ಚಿಯಲ್ಲಿ ಕೂತು, ಮಗನ ಹೆಸರೆತ್ತದೆ ದಿನ ಕಳೆಯುತ್ತಿದ್ದವನು.

ಅವಳು ನಡಿಗೆ ಬಿಟ್ಟು ಓಡಿದಳು. ಇನ್ಸ್‌ಪೆಕ್ಟರ್ ಹಿಂದೆಯೇ ಬಂದ.

ಕೆಲಸದ ಕೋಣೆಯ ಬಾಗಿಲು ಮುಚ್ಚಿತ್ತು. ದೂಡಿದಳು. ಒಳಗಿನಿಂದ ಚಿಲಕ. ಆ ಬಾಗಿಲಿಗೆ ಮಲಗುವ ಹೊತ್ತಿಗೆ ಮುಂಚೆ ಚಿಲಕ ಬಿದ್ದದ್ದನ್ನು ಅವಳು ಕಂಡದ್ದೇ ಇಲ್ಲ.

ತಟ್ಟಲು ಎತ್ತಿದ ಕೈ ಹಾಗೇ ಉಳಿಯಿತು. ಒಳಗೆ ಒಬ್ಬ ಹೆಂಗಸು ಹಾಡುತ್ತಿದ್ದಳು. ಹಳೆಯ ರೆಕಾರ್ಡು. ಆದರೆ ರೆಕಾರ್ಡಿನ ಹಾಗಲ್ಲ. ಹೆಂಗಸೇ ಅಲ್ಲಿ ನಿಂತು, ಎದೆ ತುಂಬ ಉಸಿರು ತುಂಬಿಕೊಂಡು, ಬಾಗಿಲಿನಾಚೆ ಇರುವವರಿಗೂ ಸೇರಿಸಿ ಹಾಡುತ್ತಿದ್ದ ಹಾಗೆ. ಹೊಸ್ತಿಲ ಮರ ಅವಳ ಕಾಲಡಿ ಸಣ್ಣಗೆ ನಡುಗುತ್ತಿತ್ತು. ಮಸಿ ಇಲ್ಲ, ಕರಕರ ಇಲ್ಲ. ದೊಡ್ಡಮ್ಮ.

ಹಾಡಿನ ಮೇಲೆ ಅಪ್ಪನ ದನಿ ಕೇಳಿಸಿತು. ಇಷ್ಟು ದಿನ ಅದುಮಿಟ್ಟಿದ್ದ ಹೆಮ್ಮೆಯೆಲ್ಲ ಅದರಲ್ಲಿತ್ತು.

"ಕೇಳಿ, ಚೆನ್ನಾಗಿ ಕೇಳಿ. ಬೆಂಕಿಗೆ ಮುಂಚೆನೇ ತೆಗೆದಿಟ್ಟು ಉಳಿಸಿದವನು ನನ್ನ ಮಗ."

ಆಮೇಲೆ ಇನ್ನೊಂದು ದನಿ, ಮೆತ್ತಗೆ. ಇದೇ ಕೋಣೆಯಲ್ಲಿ ಕಣ್ಣೊರೆಸಿಕೊಂಡು ಹೋಗಿದ್ದ ಹಾಲಿನ ಯಜಮಾನನದು.

"ಮುಂಚೆನೇ ಅಂದರೆ... ಅವನಿಗೆ ಗೊತ್ತಿತ್ತಾ? ಇನ್ನು ಯಾರಿಗೆ ಗೊತ್ತು?"

"ಸದ್ಯಕ್ಕೆ," ಎಂದ ಅಪ್ಪ, "ನನಗೊಬ್ಬನಿಗೇ."

ಯಜಮಾನನಿಗೆ ಗಾಳಿ ಯಂತ್ರ, ಒದ್ದೆ ಬಟ್ಟೆ ಬೇಕಾಗಿದ್ದು ಯಾಕೆಂದು ಕೋನಕ್ಕನಿಗೆ ಆಗ ಹೊಳೆಯಿತು; ಅಪ್ಪ ತನ್ನನ್ನೇ ಗಾಳದ ಹುಳುವಾಗಿ ಇಟ್ಟಿದ್ದ.

ಹಾಡು ಅರ್ಧ ಸಾಲಿನಲ್ಲಿ ನಿಂತುಹೋಯಿತು.